ಆಂಟನಿಯ ಇಪ್ಪತ್ತೆರಡು ಕ್ಯಾಸೆಟ್‌ಗಳು

ಎರಡು ಸಾವಿರದ ಏಳನೇ ಇಸವಿ. ಕಾಪುವಿನಲ್ಲಿ ಆಗ ಬೀದಿಗೆ ಎರಡು ಮೂರು ಮನೆಗಳಲ್ಲಿ ಮಾತ್ರ ಕಂಪ್ಯೂಟರ್ ಇತ್ತು. ಇದ್ದವರ ಮನೆಗೆ ಇಲ್ಲದವರು ಬರುವುದು ಸಹಜವೇ. ಒಬ್ಬರಿಗೆ ಮಗಳ ರಿಸಲ್ಟ್ ನೋಡಬೇಕು, ಇನ್ನೊಬ್ಬರಿಗೆ ಮದುವೆಯ ಸಿ.ಡಿ. ಹಾಕಿ ನೋಡಬೇಕು. ಸಾಜಿದಾ ಯಾರಿಗೂ ಇಲ್ಲ ಎಂದವಳಲ್ಲ. ಅವಳ ಗಂಡ ಇಮ್ತಿಯಾಝ್ ದಮ್ಮಾಮ್‌ನಲ್ಲಿದ್ದ. ಮನೆಯಲ್ಲಿ ಅವಳು ಮತ್ತು ಅತ್ತೆ ರುಕಿಯಮ್ಮ, ಇಬ್ಬರೇ. ಮದುವೆಗೆ ಮೊದಲು ಮೂರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋದವಳು ತಾನು ಎಂಬ ಸಣ್ಣ ಹೆಮ್ಮೆ ಅವಳೊಳಗಿತ್ತು. "ಸಾಜಿದಾಗೆ ಗೊತ್ತುಂಟು" ಎಂದು ಯಾರಾದರೂ ಅಂದರೆ ಆ ದಿನ ಪಾತ್ರೆ ತೊಳೆಯುವಾಗಲೂ ಅವಳ ಮುಖ ಅರಳಿಯೇ ಇರುತ್ತಿತ್ತು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಜೆರ್ಟ್ರೂಡ್ ಬಾಯಮ್ಮ ಕರವಸ್ತ್ರದಲ್ಲಿ ಸುತ್ತಿದ ಒಂದು ವಸ್ತುವನ್ನು ತಂದು ಮೇಜಿನ ಮೇಲಿಟ್ಟರು. ಬಿಚ್ಚಿದರೆ ಕಪ್ಪು ಬಣ್ಣದ ಹಾರ್ಡ್ ಡಿಸ್ಕ್, ಕಂಪ್ಯೂಟರಿಗೆ ಹೊರಗಿನಿಂದ ವಯರ್ ಸಿಕ್ಕಿಸುವಂಥದ್ದು.

"ಇದರಲ್ಲಿ ನಮ್ಮವರ ಮಾತು ಉಂಟು ಸಾಜಿದಾ. ಸಿ.ಡಿ.ಗೆ ಹಾಕಿ ಕೊಡ್ತೀಯಾ? ಅಡುಗೆ ಮಾಡ್ತಾ ಕೇಳಬಹುದು."

ಬಾಯಮ್ಮನ ಗಂಡ ಆಂಟನಿ ಬಹರೈನ್‌ನಲ್ಲಿ ಹದಿನೆಂಟು ವರ್ಷ ಅಡುಗೆಯವರಾಗಿದ್ದರು. ಕಾಗದ ಬರೆಯುವುದೆಂದರೆ ಬೇಸರ. ಅದಕ್ಕೆ ಕ್ಯಾಸೆಟ್‌ನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಇಪ್ಪತ್ತೆರಡು ಕ್ಯಾಸೆಟ್‌ಗಳಿಗೂ ಬೂಷ್ಟು ಹಿಡಿಯತೊಡಗಿದಾಗ, ಮಸ್ಕತ್‌ನಲ್ಲಿ ನರ್ಸ್ ಆಗಿರುವ ಮಗಳು ಪ್ಯಾಟ್ರಿಶಿಯಾ ರಜೆಯಲ್ಲಿ ಬಂದು ಉಡುಪಿಯ ಸ್ಟುಡಿಯೋ ಒಂದರಲ್ಲಿ ಅವನ್ನೆಲ್ಲ ಡಿಸ್ಕಿಗೆ ಹಾಕಿಸಿದ್ದಳು. ಹಳೆಯ ಟೇಪುಗಳನ್ನು ಎಸೆದಾಗಿತ್ತು.

ರುಕಿಯಮ್ಮ ಒಳಗಿನಿಂದಲೇ ಕೇಳಿದರು, "ಬದುಕಿದ್ದಾಗ ಅವರ ಮಾತು ನೀವು ಕೇಳಿದ್ದುಂಟಾ ಬಾಯಮ್ಮ, ಈಗ ಕೇಳ್ಲಿಕ್ಕೆ?"

"ಆಗ ಎದುರು ಮಾತಾಡುವ ಕೆಲಸ ಇತ್ತಲ್ಲ ರುಕಿಯಮ್ಮ," ಬಾಯಮ್ಮ ನಕ್ಕರು. "ಈಗ ಕೇಳುವುದೊಂದೇ."

ಅವರು ಹೋದ ಮೇಲೆ ಸಾಜಿದಾ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ತೆರೆದರೆ ಒಂದೇ ಒಂದು ಹಳದಿ ಚೀಲದ ಚಿತ್ರ. ಅದರ ಕೆಳಗೆ "ನ್ಯೂ ಫೋಲ್ಡರ್" ಎಂಬ ಹೆಸರು. ಆ ವರ್ಷ ಊರಿನ ಕಂಪ್ಯೂಟರುಗಳಿಗೆಲ್ಲ ಅದೇ ಹೆಸರಿನ ವೈರಸ್ ಬಂದಿತ್ತು. ಇಮ್ತಿಯಾಝ್ ಫೋನಿನಲ್ಲಿ ಹೇಳುತ್ತಲೇ ಇದ್ದ: "ನ್ಯೂ ಫೋಲ್ಡರ್ ಅಂತ ಕಂಡ್ರೆ ತೆರೆಯಬೇಡ. ಶಿಫ್ಟ್ ಒತ್ತಿ ಡಿಲೀಟ್ ಮಾಡು. ಕಂಪ್ಯೂಟರಿನ ಕಸದ ಬುಟ್ಟಿಗೂ ಬೀಳಬಾರ್ದು ಅದು."

ಅವಳು ಶಿಫ್ಟ್ ಒತ್ತಿ ಡಿಲೀಟ್ ಮಾಡಿದಳು. ಖಚಿತವಾ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದಳು. ಆಮೇಲೆ ಆಂಟನಿಯವರ ಮಾತು ಎಲ್ಲಿದೆ ಎಂದು ಹುಡುಕಿದಳು. ಡಿಸ್ಕಿನಲ್ಲಿ ಮತ್ತೇನೂ ಇರಲಿಲ್ಲ. ಪ್ಯಾಟ್ರಿಶಿಯಾ ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿದ್ದಳು, ಅದಕ್ಕೊಂದು ಹೆಸರಿಡುವುದನ್ನು ಮರೆತಿದ್ದಳು, ಕಂಪ್ಯೂಟರ್ ತಾನೇ ಕೊಟ್ಟ ಹೆಸರು ಹಾಗೇ ಉಳಿದಿತ್ತು, ಅಷ್ಟೇ.

ಆ ಹೊತ್ತಿಗೇ ಎದ್ದು ಪಕ್ಕದ ಮನೆಗೆ ಹೋಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಸಾಜಿದಾ ಹೋಗಲಿಲ್ಲ. "ಸಾಜಿದಾಗೆ ಗೊತ್ತುಂಟು" ಎಂದವರ ಎದುರು ಏನೆಂದು ನಿಲ್ಲುವುದು? ಎರಡು ದಿನ ಅವಳು ಬೇಲಿಯ ಕಡೆಗೇ ಹೋಗಲಿಲ್ಲ. ಮೂರನೆಯ ದಿನ ಬಾಯಮ್ಮ ಬೇಲಿಯಾಚೆಯಿಂದ, "ಆಯ್ತಾ ಮಗಾ?" ಎಂದು ಕೇಳಿದರು. ಇನ್ನು ಹಿಂದಿರುಗಿಸಲೇಬೇಕು.

ಆ ಎರಡು ಮನೆಗಳ ನಡುವೆ ಒಂದು ರೂಢಿ ಇತ್ತು. ಬಾಯಮ್ಮ ಮೀನು ಸಾರು ಕೊಟ್ಟ ಪಾತ್ರೆ ಖಾಲಿಯಾಗಿ ಹಿಂದೆ ಹೋಗುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಒಂದು ತುಂಡು ಬೆಲ್ಲವಾದರೂ ಅದರಲ್ಲಿರಬೇಕು. ಸಾಜಿದಾಳ ಕೈಯೂ ಅದೇ ಅಭ್ಯಾಸದ ಕೈ. ಖಾಲಿ ಡಿಸ್ಕನ್ನು ಹೇಗೆ ಕೊಡುವುದೆಂದು ತನ್ನ ತಮ್ಮನ ಮದುವೆಯ ವಿಡಿಯೋ, ಒಂದಷ್ಟು ಸಿನಿಮಾ, ಬಾಯಮ್ಮನಿಗೆ ಇಷ್ಟವೆಂದು ಕೊಂಕಣಿ ಹಾಡುಗಳು, ಎಲ್ಲವನ್ನೂ ಅದಕ್ಕೆ ತುಂಬಿದಳು. ಹೀಗೆ ತುಂಬುವಾಗ ಅವಳ ಮನಸ್ಸು ತುಸು ಹಗುರಾಗಿತ್ತು ಕೂಡ.

"ಇದರಲ್ಲಿ ಎಂತದೂ ಇರ್ಲಿಲ್ಲ ಬಾಯಮ್ಮ," ಎಂದಳು ಡಿಸ್ಕ್ ಕೊಡುವಾಗ. "ಪ್ಯಾಟ್ರಿಶಿಯಾ ಹಾಕ್ಲಿಕ್ಕೆ ಮರ್ತಿರ್ಬೇಕು. ನಾನು ಸ್ವಲ್ಪ ಹಾಡು ಹಾಕಿದ್ದೇನೆ."

ಬಾಯಮ್ಮ ಡಿಸ್ಕನ್ನು ತಿರುಗಿಸಿ ನೋಡಿ ಕರವಸ್ತ್ರದಲ್ಲಿ ಸುತ್ತಿಕೊಂಡರು. ಅಂದಿನಿಂದ ಬೇಲಿಯ ಬಳಿ ಮಾತು ಕಡಿಮೆಯಾಯಿತು.

ಪ್ರತಿ ಶನಿವಾರ ಮಹಿಳಾ ಸಂಘದ ಕೋಣೆಯಲ್ಲಿ ಕಂಪ್ಯೂಟರ್ ಕಲಿಸಲು ಪರ್ಕಳದಿಂದ ಶಿಲ್ಪಾ ಬರುತ್ತಿದ್ದಳು. ಅವಳ ತಂದೆ ಈಶಪ್ಪ ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಪರ್ಕಳದಲ್ಲೇ ನಿಂತವರು. ಅವಳು ಮಣಿಪಾಲದ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಫೋಲ್ಡರ್ ಅಳಿಸಿ ಹನ್ನೊಂದು ದಿನ ಕಳೆದ ಮೇಲೆ ಸಾಜಿದಾ ಅವಳನ್ನು ಬದಿಗೆ ಕರೆದು ಕೇಳಿದಳು, "ಶಿಲ್ಪಾ, ಯಾರೋ ಒಬ್ಬರು ಡಿಸ್ಕಿನಲ್ಲಿದ್ದದ್ದನ್ನು ಅಳಿಸಿಬಿಟ್ಟರು ಅಂತ ಇಟ್ಟುಕೋ. ಅದು ಹೋಯ್ತು, ಅಲ್ವಾ?"

"ಪೂರ್ತಿ ಹೋಗಿರೂದಿಲ್ಲ ಅಕ್ಕ. ನಾವು ಎಷ್ಟು ಬಾಡಿಗೆ ಕೋಣೆ ಬದಲಾಯಿಸೇವಿ, ನಿಮಗ ಗೊತ್ತಿಲ್ಲ. ಬಾಗಿಲ ಮ್ಯಾಲಿನ ಹೆಸರು ಅಳಿಸಿದ ಕೂಡಲೆ ಒಳಗಿನ ಸಾಮಾನು ಹೋಗತದೇನು? ಹೊಸಬರು ಬರೂತನಕ ಅಲ್ಲೇ ಇರತದ. ಡಿಲೀಟ್ ಅಂದ್ರ ಹೆಸರು ಅಳಿಸೂದಷ್ಟ. ಅದಕ್ಕಂತಲೇ ಸಾಫ್ಟ್‌ವೇರ್ ಅದಾವ, ಹುಡುಕಿ ತೆಗೀಬಹುದು."

"ತೆಗೀಬಹುದಾ?" ಎಂದಳು ಸಾಜಿದಾ.

"ಆದ್ರ ಅಳಿಸಿದ ಮ್ಯಾಲೆ ಅದರಾಗ ಹೊಸದೇನೂ ಹಾಕಿರಬಾರದು," ಶಿಲ್ಪಾ ಮುಂದುವರಿಸಿದಳು. "ಹೊಸ ಬಾಡಿಗೆದಾರ ಬಂದ್ರ ಹಳೇ ಸಾಮಾನು ಹೊರಗ. ಅವರು ಏನರ ಹಾಕ್ಯಾರೇನು?"

"ಹಾಕಿದ್ದಾರೆ."

"ಎಷ್ಟು?"

"ಮುಕ್ಕಾಲು ಡಿಸ್ಕ್."

ಶಿಲ್ಪಾ ಅವಳ ಮುಖವನ್ನೇ ನೋಡಿದಳು. ಯಾರು ಎಂದು ಕೇಳಲಿಲ್ಲ. "ಇನ್ನ ಏನೂ ಹಾಕಬ್ಯಾಡ್ರಿ ಅಂತ ಹೇಳ್ರಿ. ಕಂಪ್ಯೂಟರಿಗೆ ಸಿಕ್ಕಿಸೂದೂ ಬ್ಯಾಡ. ಹಂಗ ತಂದುಕೊಡ್ಲಿ. ಉಳಿದದ್ದು ನೋಡೋಣ."

ಮನೆಗೆ ಬಂದು ಸಾಜಿದಾ ಅತ್ತೆಗೆ ಎಲ್ಲವನ್ನೂ ಹೇಳಿದಳು. ರುಕಿಯಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಅಳಿಸಿದ್ದು ಎಲ್ಲಿಯಾದರೂ ಹಿಂದೆ ಬರ್ತದಾ? ಅವಳು ಸಣ್ಣ ಹುಡುಗಿ, ಎಂತದೋ ಹೇಳ್ತಾಳೆ. ಈಗ ಬಾಯಿ ಬಿಟ್ರೆ ಇದ್ದ ನೆರೆಕರೆಯೂ ಹೋದೀತು. ಸುಮ್ಮನಿರು."

"ಮಾಮಿ, ಬಾಯಮ್ಮ ಅದಕ್ಕೆ ಅವರ ತಂಗಿ ಮಗಳು ಸೆಲೀನ್‌ಳ ಮದುವೆ ಫೋಟೋ ಹಾಕಿಸ್ತಾರಂತೆ ನಾಳೆ. ಜಾಗ ಉಂಟಲ್ಲ ಅಂತ ನಿನ್ನೆ ಹೇಳ್ತಾ ಇದ್ದರು. ಹಾಕಿಸಿದ್ರೆ ಉಳಿದ ಕಾಲು ಭಾಗವೂ ಹೋಗ್ತದೆ."

ರುಕಿಯಮ್ಮನ ಕೈ ನಿಂತಿತು. ಮೊರ ಬದಿಗಿಟ್ಟು, "ನಡಿ, ನಾನೂ ಬರ್ತೇನೆ," ಎಂದರು.

ಪಕ್ಕದ ಮನೆಯಲ್ಲಿ ಸಾಜಿದಾ ಹೇಳಿದ್ದನ್ನೆಲ್ಲ ಬಾಯಮ್ಮ ನಿಂತೇ ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಸಾಜಿದಾಳಿಗೆ ಅನಿಸಿತು.

"ಪ್ಯಾಟ್ರಿಶಿಯಾಗೆ ನಾನು ಎಂತ ಹೇಳಿದೆ ಗೊತ್ತುಂಟಾ ನಿನಗೆ? ಅಪ್ಪನ ದನಿ ನಿನಗೆ ಭಾರ ಆಯ್ತಾ ಅಂತ ಕೇಳಿದೆ. ಅಮ್ಮ, ನಾನು ಹಾಕಿದ್ದೇನೆ, ಹಾಕಿದ್ದೇನೆ ಅಂತ ಅತ್ತಳು. ಸುಳ್ಳು ಹೇಳಬೇಡ ಅಂದೆ. ಆಮೇಲೆ ಅವಳ ಫೋನೇ ಇಲ್ಲ."

ಡಿಸ್ಕನ್ನು ತಂದು ಸಾಜಿದಾಳ ಕೈಗೆ ಕೊಡಲಿಲ್ಲ. ಚೀಲಕ್ಕೆ ಹಾಕಿಕೊಂಡು, "ನಾನೇ ಹಿಡ್ಕೊಳ್ತೇನೆ. ದಾರಿ ತೋರಿಸು," ಎಂದರು. ಕಾಪುವಿನಿಂದ ಉಡುಪಿಗೆ, ಅಲ್ಲಿಂದ ಮಣಿಪಾಲಕ್ಕೆ, ಎರಡು ಬಸ್ಸು ಹಿಡಿದು ಮೂವರೂ ಹೋದರು.

ಶಿಲ್ಪಾ ಡಿಸ್ಕನ್ನು ಒಂದು ದಿನ ಇಟ್ಟುಕೊಂಡಳು. ಸಿಕ್ಕಿದ್ದನ್ನು ಅದೇ ಡಿಸ್ಕಿಗೆ ಹಾಕದೆ ಬೇರೆ ಡಿಸ್ಕಿಗೆ ಇಳಿಸಿದಳು. ಮರುದಿನ ಮೂವರೂ ಮತ್ತೆ ಹೋದಾಗ ಅವಳು ಮೆತ್ತಗೆ ಹೇಳಿದಳು, "ಏಳು ಪೂರ್ತಿ ಬಂದಾವ ಬಾಯಮ್ಮ. ನಾಲ್ಕು ಅರ್ಧಮರ್ಧ. ಹನ್ನೊಂದು ಇಲ್ಲ."

ಒಂದನ್ನು ಹಾಕಿದಳು. ಹಳೆಯ ಫ್ಯಾನಿನ ಸದ್ದಿನ ನಡುವೆ ಗಂಡಸಿನ ದನಿಯೊಂದು ಕೊಂಕಣಿಯಲ್ಲಿ ಕೇಳುತ್ತಿತ್ತು: ಬಾವಿಯ ನೀರು ಎಷ್ಟುಂಟು, ಹಲಸಿನ ಹಪ್ಪಳ ಒಣಗಿತಾ, ಕಳಿಸಿದ ಸೀರೆಯ ಬಣ್ಣ ಮೆಚ್ಚಿತಾ. ಅಲ್ಲಿಂದ ಮುಂದೆ ಗರಗರ ಸದ್ದು. ಬಾಯಮ್ಮ ಕಣ್ಣು ಮುಚ್ಚಿ ಕೂತಿದ್ದರು. ಸದ್ದು ಬಂದಾಗಲೂ ತೆರೆಯಲಿಲ್ಲ, ದನಿ ಮತ್ತೆ ಬರಬಹುದೆಂದು ಕಾದರು.

"ಪ್ಯಾಟ್ರಿಶಿಯಾ ಹುಟ್ಟಿದ ಸುದ್ದಿ ಕೇಳಿ ಮಾತಾಡಿದ್ದು ಒಂದಿತ್ತು," ಎಂದರು ಆಮೇಲೆ. "ಹೆಸರು ಅವರೇ ಇಟ್ಟದ್ದು ಅದರಲ್ಲಿ."

ಶಿಲ್ಪಾ ಪಟ್ಟಿ ನೋಡಿ ಇಲ್ಲವೆಂದು ತಲೆಯಲ್ಲಾಡಿಸಿದಳು. "ಅವತ್ತೇ ತಂದಿದ್ದರೆ?" ಎಂದು ಸಾಜಿದಾ ಕೇಳಿದಳು. ಅವಳಿಗೆ ಉತ್ತರ ಗೊತ್ತಿತ್ತು.

"ಅವತ್ತ ತಂದಿದ್ರ ಇಪ್ಪತ್ತೆರಡೂ ಬರತಿದ್ವೇನೋ ಅಕ್ಕ."

ಸಂಜೆ ಬಾಯಮ್ಮನ ಮನೆಯಿಂದ ಮಸ್ಕತ್‌ಗೆ ಫೋನ್ ಮಾಡಿದವಳು ಸಾಜಿದಾ. ಬಾಯಮ್ಮ ಕೇಳಿಕೊಂಡದ್ದಲ್ಲ, ಅವಳೇ ರಿಸೀವರ್ ಕೈಗೆತ್ತಿಕೊಂಡಳು. "ಪ್ಯಾಟ್ರಿಶಿಯಾ, ನೀನು ಹಾಕಿದ್ದು ಸರಿಯಾಗಿಯೇ ಇತ್ತು. ಅಳಿಸಿದ್ದು ನಾನು, ಸುಳ್ಳು ಹೇಳಿದ್ದೂ ನಾನು," ಎಂದಳು. ಆ ಕಡೆಯಿಂದ "ಅಮ್ಮನಿಗೆ ಕೊಡಿ," ಎಂಬಷ್ಟೇ ಕೇಳಿತು. ಸಾಜಿದಾ ರಿಸೀವರ್ ಕೊಟ್ಟು ಹೊರಗೆ ಬಂದಳು.

ಮರುವಾರ ರುಕಿಯಮ್ಮ ತಾವಾಗಿಯೇ ಸಂಘದ ಕೋಣೆಗೆ ಬಂದು ಶಿಲ್ಪಾಳ ಎದುರು ಕೂತರು. "ನಮ್ಮ ಇಮ್ತಿಯಾಝ್‌ನ ಫೋಟೋ ಎಲ್ಲ ಒಂದೇ ಕಡೆ ಉಂಟು. ಇನ್ನೊಂದು ಕಡೆಯೂ ಇಡ್ಲಿಕ್ಕೆ ಇವಳಿಗೆ ಹೇಳಿಕೊಡು."

ಅಕ್ಕ ತಂಗಿಯರೇ, ನಿಮ್ಮ ಮನೆಯ ಡಿಸ್ಕಿನಿಂದಲೂ ಒಂದು ದಿನ ಏನಾದರೂ ಅಳಿಸಿಹೋಗಬಹುದು. ಕೈ ತಪ್ಪುವುದು ಎಲ್ಲರಿಗೂ ಉಂಟು. ಗೊತ್ತಾದ ತಕ್ಷಣ ಕೆಲಸ ನಿಲ್ಲಿಸಿ, ಡಿಸ್ಕನ್ನು ಕಳಚಿಡಿ. ಅದಕ್ಕೆ ಒಂದು ಹಾಡನ್ನೂ ಹಾಕಬೇಡಿ, ಹುಡುಕುವ ಸಾಫ್ಟ್‌ವೇರನ್ನೂ ಅದಕ್ಕೇ ಹಾಕಬೇಡಿ. ತಿಳಿದವರ ಬಳಿ ಒಯ್ದು, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಿ. ಇಂದೇ ನಿಮ್ಮ ಫೋಲ್ಡರುಗಳಿಗೆ ಹೆಸರಿಡಿ. ಬೇಕಾದದ್ದರ ಇನ್ನೊಂದು ಪ್ರತಿ ಮಾಡಿ ಬೇರೆ ಜಾಗದಲ್ಲಿಡಿ. ಅದೆಲ್ಲಕ್ಕಿಂತ ಮೊದಲು, ಆ ವಸ್ತು ಯಾರದ್ದೋ ಅವರ ಮನೆಗೆ ಹೋಗಿ ಹೇಳಿ. ನಾಚಿಕೆಯಾಗುತ್ತದೆ, ಆದರೂ ಹೋಗಿ. ಸಾಜಿದಾ ಹನ್ನೊಂದು ದಿನ ತಡಮಾಡಿದಳು. ಪ್ಯಾಟ್ರಿಶಿಯಾ ಮುಂದಿನ ರಜೆಯಲ್ಲಿ ಬಂದು ಅಪ್ಪನ ಉಳಿದ ಏಳು ಕ್ಯಾಸೆಟ್‌ಗಳ ಮಾತನ್ನೂ ಕೇಳಿದಳು. ಅವಳಿಗೆ ಹೆಸರಿಟ್ಟ ಆ ಮಾತು ಒಂದರಲ್ಲೂ ಇರಲಿಲ್ಲ.