ಶಿಜುಕಾಳ ಬಿಳಿ ಉಡುಪು

ನಾವು ಅಚ್ಚು ಹಾಕುತ್ತಿದ್ದ ಚರಿತ್ರೆಯ ಹೆಂಗಸರ ಚಿತ್ರಮಾಲೆಯಲ್ಲಿ ಏಳನೆಯವಳು ಶಿಜುಕಾ. ಏಳುನೂರು ವರ್ಷಗಳ ಹಿಂದೆ, ತನ್ನ ಪ್ರಿಯನನ್ನು ಬೇಟೆಯಾಡುತ್ತಿದ್ದ ದೊರೆಯ ಎದುರಿಗೇ ಕುಣಿಯಬೇಕಾಗಿ ಬಂದ ನರ್ತಕಿ. ಕುಣಿದಳು, ಹಾಡಿದ್ದು ಮಾತ್ರ ಪ್ರಿಯನ ಹಾಡು. ಈ ಕಥೆಯನ್ನು ಚಿತ್ರದ ಮೂಲೆಯಲ್ಲಿ ಹನ್ನೊಂದು ಸಾಲಿಗೆ ಇಳಿಸಿದವನು ನಾನು. ಆ ಮೂಲೆಯನ್ನು ಓದುವವರು ಇಡೀ ಅಸಾಕುಸಾ ಪೇಟೆಯಲ್ಲಿ ಯಾರೂ ಇಲ್ಲವೆಂಬುದು ಹದಿನಾರು ವರ್ಷಗಳ ಅನುಭವದಿಂದ ಗೊತ್ತು.

ಅಂದು ಬೆಳಿಗ್ಗೆ ಅಚ್ಚುಗಾರ ಕಾನ್ಸುಕೆ ಮೊದಲ ಇನ್ನೂರು ಹಾಳೆಗಳನ್ನು ತಂದಿಟ್ಟ. ಪ್ರಕಾಶಕ ಮಟಾಎಮೋನ್ ಒಂದನ್ನು ಮೂಗಿನ ನೇರಕ್ಕೆ ಹಿಡಿದ.

“ಏನಯ್ಯಾ ಇದು, ಮೈಮೇಲಿನ ಬಟ್ಟೆ ಅಚ್ಚು ಹಾಕೋದೇ ಮರೆತ್ಯಾ?”

“ಹಾಕಿದೀನಿ ಯಜಮಾನ್ರೇ. ಬಿಳಿ.”

“ಬಿಳಿ ಅಂದ್ರೆ ಕಾಗದ. ಕಾಗದ ನನ್ನ ಹತ್ರಾನೂ ಇದೆ. ಮೇಲೆ ಕೆಂಪು ಹೊಡಿ. ಈಗ ಜನಕ್ಕೆ ಕೆಂಪೇ ಬೇಕು.”

“ಕೆಂಪಿನ ಹಲಗೆ ಮೇಲಿಟ್ಟು ಉಜ್ಜಿದ್ರೆ ಒತ್ತಿದ್ದೆಲ್ಲ ಚಪ್ಪಟೆ ಆಗೋಗುತ್ತೆ. ಹನ್ನೆರಡು ದಿನದ ಕೆಲಸ ಅದು. ನನ್ನ ಕೈಲಿ ಮಾಡಿಸ್ಬೇಡಿ. ಬೇರೆಯವ್ರನ್ನ ಕರೀರಿ, ನಾನು ನಾಳೆಯಿಂದ ಬರಲ್ಲ.”

ಕಾನ್ಸುಕೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಣ್ಣ ಹಚ್ಚದ ಕೆತ್ತನೆ ಹಲಗೆಯ ಮೇಲೆ ಒದ್ದೆ ಕಾಗದ ಹಾಸಿ, ಗೆರೆಗಳು ಉಬ್ಬಿ ಏಳುವಂತೆ ಒಂದೊಂದು ಹಾಳೆಯನ್ನೂ ಮೊಣಕೈಯಿಂದ ಒತ್ತಿದ್ದ. ಮೊಣಕೈ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಪಕ್ಕದಲ್ಲೇ ಯಜಮಾನನ ತಾಯಿ ಒತೋಸೆ ಚಹಾ ಕುಡಿಯುತ್ತ ಕೂತಿದ್ದಳು. ಕಣ್ಣು ಹೋಗಿ ನಾಲ್ಕು ವರ್ಷ, ನಾಲಿಗೆ ಹೋಗಿರಲಿಲ್ಲ.

“ಜಗಳ ಯಾವ ಹೆಂಗಸಿನ ಮೇಲೋ? ಇಲ್ಲಿ ಕೊಡು.”

“ಚಿತ್ರ ಕಣಮ್ಮ. ನಿನಗೇನು ಕಾಣುತ್ತೆ?”

“ನಿನಗೇನು ಕಂಡಿತು, ಅದನ್ನ ಹೇಳು ಮೊದಲು.”

ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದಳು. ಬೆರಳುಗಳು ಒಂದೆಡೆ ನಿಂತವು, ಹಿಂದೆ ಹೋದವು, ಮತ್ತೆ ನಿಧಾನವಾಗಿ ಮುಂದೆ ಬಂದವು.

“ಅಲೆ,” ಎಂದಳು. “ಅಲೆ ಮೇಲೆ ಹಕ್ಕಿ. ತೋಳು ಮೇಲೆತ್ತಿದಾಳೆ, ನೆರಿಗೆ ಇಳಿಬಿದ್ದಿದೆ.” ನೆರಿಗೆಯ ಮೇಲೆ ಇನ್ನೊಮ್ಮೆ ಬೆರಳಾಡಿಸಿ, “ಭಾರದ ಬಟ್ಟೆ, ಪಾಪ. ಇದನ್ನ ಹಾಕ್ಕೊಂಡು ಹೇಗೆ ಕುಣೀತಾಳೆ?”

ಅದು ಯಾರ ಚಿತ್ರವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ನಾನು ಇನ್ನೊಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಬರಿ ಕಾಗದದೊಳಗಿಂದ ಅಲೆಗಳೆದ್ದವು, ಹಕ್ಕಿಗಳೆದ್ದವು, ಏಳುನೂರು ವರ್ಷಗಳ ಹಿಂದಿನ ತೋಳೊಂದು ಗಾಳಿಗೆ ಎದ್ದಿತು. ನನ್ನ ಹನ್ನೊಂದು ಸಾಲುಗಳಲ್ಲಿ ಇದ್ಯಾವುದೂ ಇರಲಿಲ್ಲ.

ಮಟಾಎಮೋನ್ ತಾಯಿಯ ಎದುರು ಮಂಡಿಯೂರಿ, ಕಣ್ಣು ಮುಚ್ಚಿ, ತಾನೂ ಬೆರಳಿಟ್ಟ.

“ಉಜ್ಜಬೇಡ ಕಣೋ. ಮುಟ್ಟು,” ಎಂದಳು ಒತೋಸೆ.

ಬೆರಳು ಅಲೆಯಿಂದ ಹಕ್ಕಿಗೆ ಸಾಗಿದ ಮೇಲೆ, ಕಣ್ಣು ತೆರೆಯದೆಯೇ ಅವನು ಕೇಳಿದ: “ನಾಳೆ ಎಷ್ಟು ಹೊತ್ತಿಗೆ ಬರ್ತೀಯ, ಕಾನ್ಸುಕೆ?”