ದೊರೆಸಾನಿಯ ಕಿವಿ

ಅಳಿಯನ ಮೊದಲ ಗಿರಾಕಿ ಬಂದಾಗ ಮಾವ ಒಂದು ಹಳೆಯ ಸೋಫಾದ ಹೊಟ್ಟೆ ಬಗೆಯುತ್ತಿದ್ದರು.

ಅಂಗಡಿ ಮಾವನದು. ಉದ್ದನೆಯ ಕೋಣೆ. ಹಿಂಭಾಗದಲ್ಲಿ ಸೋಫಾ ರಿಪೇರಿ: ಸ್ಪ್ರಿಂಗ್ ಬದಲಿಸುವುದು, ನಾರು ತುಂಬುವುದು, ಹೊಸ ಬಟ್ಟೆ ಹೊದಿಸಿ ಮೊಳೆ ಹೊಡೆಯುವುದು. ಮುಂಭಾಗ, ರಸ್ತೆಗೆ ಕಾಣುವ ಗಾಜಿನ ಕಿಟಕಿಯ ಸಮೇತ, ಹೋದ ತಿಂಗಳಿನಿಂದ ಅಳಿಯನದು. ಸತ್ತ ಪ್ರಾಣಿಯ ಚರ್ಮ ಬಿಡಿಸಿ, ಹದ ಮಾಡಿ, ಒಳಗೆ ಅಚ್ಚು ಕೂರಿಸಿ, ಬದುಕಿದ್ದಾಗ ಹೇಗಿತ್ತೋ ಹಾಗೆ ನಿಲ್ಲಿಸಿಕೊಡುವ ಕೆಲಸವನ್ನು ಅವನು ಅಲ್ಲಿ ಶುರುಮಾಡಿದ್ದ. ಬೋರ್ಡಿನಲ್ಲಿ ದೊಡ್ಡದಾಗಿ 'ಟ್ಯಾಕ್ಸಿಡರ್ಮಿ' ಎಂದು ಬರೆಸಿದ್ದ. ಅದನ್ನು ಓದಿದವರಲ್ಲಿ ಕೆಲವರು ಚರ್ಮರೋಗದ ಕ್ಲಿನಿಕ್ ಎಂದುಕೊಂಡು ಒಳಗೆ ಬಂದು, ತೋಳು ಮಡಚಿ ತುರಿಕೆ ತೋರಿಸಿದರು. ಅವರಲ್ಲಿ ಒಬ್ಬರಿಗೆ ಮಾವ ಸೋಫಾ ಬಟ್ಟೆ ಮಾರಿ ಕಳಿಸಿದ್ದರು.

ಜಾಗ ಬಿಟ್ಟುಕೊಡುವಾಗ ಮಾವ ಒಂದೇ ಷರತ್ತು ಹಾಕಿದ್ದರು. ಈ ಅಂಗಡಿಯಿಂದ ಹೊರಗೆ ಹೋದ ಮಾಲು ವಾಪಸ್ ಬರಬಾರದು. ಅವರ ತಂದೆಯ ಕಾಲದಲ್ಲಿ, ಯಾರು ಮಾಡಿದ ಸೋಫಾ ವಾಪಸ್ ಬಂತೋ ಆ ಕೆಲಸಗಾರ ಸುತ್ತಿಗೆ ಕೆಳಗಿಟ್ಟು ಮನೆಗೆ ಹೋಗಬೇಕಿತ್ತಂತೆ. ಅಳಿಯ ಮನೆಗೆ ಹೋಗಬೇಕಾಗಿಲ್ಲ, ಯಾಕೆಂದರೆ ಅದೂ ಮಾವನದೇ ಮನೆ. ಅವನು ಸುತ್ತಿಗೆ ಕೈಗೆತ್ತಿಕೊಂಡರೆ ಸಾಕು. ಅಂದರೆ ಅವನ ಮೊದಲ ಪ್ರಾಣಿ ವಾಪಸ್ ಬಂದರೆ ಬೋರ್ಡು ಇಳಿಯುತ್ತದೆ, ಕಿಟಕಿಯಲ್ಲಿ ಮತ್ತೆ ಸೋಫಾ ಕೂರುತ್ತದೆ, ಅಳಿಯ ಜೀವನಪೂರ್ತಿ ಮೊಳೆ ಹೊಡೆಯುತ್ತಾನೆ. ಅವನ ಹೆಂಡತಿ ಇದಕ್ಕೆ ಸಾಕ್ಷಿಯಾಗಿ ನಿಂತಿದ್ದಳು. ಗಂಡನ ಕೆಲಸದ ಬಗ್ಗೆ ಅವಳಿಗೆ ಆಕ್ಷೇಪವೇನೂ ಇರಲಿಲ್ಲ. ಫ್ರಿಜ್ಜಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಏನನ್ನು ಇಟ್ಟರೂ ಎರಡು ಕವರಿನಲ್ಲಿ ಸುತ್ತಿಡಬೇಕು ಎಂದಷ್ಟೇ ಹೇಳಿದ್ದಳು.

ಗಿರಾಕಿ ಲೆಕ್ಕದ ಟೀಚರ್. ಜೊತೆಗೆ ಅವರ ತಂದೆ, ಕೋಲೂರಿಕೊಂಡು ಬಂದ ಅಜ್ಜ. ಟೀಚರ್ ಕೈಯಲ್ಲಿ ಸ್ನಾನದ ಟವೆಲಿನ ಗಂಟು ಇತ್ತು. ಅವರ ಬೆಕ್ಕು ದೊರೆಸಾನಿ ಕೆಲವು ದಿನಗಳಿಂದ ಕಾಣುತ್ತಿರಲಿಲ್ಲ. ಬೆಳಗ್ಗೆ ಬೀದಿ ಗುಡಿಸುವವಳು, ಚರಂಡಿ ಪಕ್ಕ ನಿಮ್ಮ ಬೆಕ್ಕು ಗಾಡಿಗೆ ಸಿಕ್ಕಿ ಬಿದ್ದಿದೆ ಎಂದು ಹೇಳಿ, ಟವೆಲು ಇಸಿದುಕೊಂಡು ಹೋಗಿ, ಸುತ್ತಿ ತಂದುಕೊಟ್ಟಿದ್ದಳು. ಟೀಚರ್ ಗಂಟು ಬಿಚ್ಚಿರಲಿಲ್ಲ.

"ಅವಳನ್ನ ಹಾಗೆ ನೋಡೋಕೆ ನನ್ನ ಕೈಲಾಗಲ್ಲ. ನೀವೇ ನೋಡಿಕೊಳ್ಳಿ," ಎಂದರು. ಅಜ್ಜ ನೋಡಿದ್ದು ಟವೆಲನ್ನು ಮಾತ್ರ. ಅದು ಅವರ ಒಳ್ಳೆಯ ಟವೆಲ್ ಆಗಿತ್ತಂತೆ.

ಬೆಕ್ಕಿನ ಬದಲು ಟೀಚರ್ ಫೋನಿನಲ್ಲಿದ್ದ ಫೋಟೋಗಳನ್ನು ಬಿಚ್ಚಿಟ್ಟರು. ಬೂದು ಪಟ್ಟೆಯ ಬೆಕ್ಕು, ತೆಳ್ಳನೆ ಮುಖ, ಚೂಪಾದ ಎರಡು ಕಿವಿ, ನೆಟ್ಟಗಿನ ಬಾಲ. ದೊರೆಸಾನಿ ಕರೆದರೆ ಬರುತ್ತಿರಲಿಲ್ಲ, ತೊಳೆಯದ ತಟ್ಟೆಯಲ್ಲಿ ತಿನ್ನುತ್ತಿರಲಿಲ್ಲ, ಅಜ್ಜನ ಕುರ್ಚಿಯಲ್ಲಿ ಅಜ್ಜ ಕೂತಿದ್ದರೆ ಏಳುವ ತನಕ ಎದುರು ನಿಂತು ನೋಡುತ್ತಿತ್ತು. ಮುಖದಲ್ಲಿ ತಿರಸ್ಕಾರ ಇರಲೇಬೇಕು ಎಂದು ಟೀಚರ್ ಹೇಳಿದರು. ಆದರೆ ಅದು ಮನೆಯವರ ಮೇಲಿನ ತಿರಸ್ಕಾರ, ಹೊರಗಿನವರ ಮೇಲಿನದು ಬೇರೆ. ಅಳಿಯ ತಲೆಯಾಡಿಸಿದ.

ಅಜ್ಜನ ಎರಡು ಕಾಲಿನ ಚಪ್ಪಲಿಗಳು ಬೇರೆ ಬೇರೆ ಜೋಡಿಯವು ಎಂಬುದನ್ನು ಅವನು ಗಮನಿಸಿದ. ಅಜ್ಜನೂ ಅವನು ಗಮನಿಸಿದ್ದನ್ನು ಗಮನಿಸಿದರು.

"ಇನ್ನೊಂದು ಪಕ್ಕದ ಮನೆ ಮಾಡಿನ ಮೇಲಿದೆ," ಎಂದರು. "ಪುಢಾರಿಗೆ ಎಸೆದದ್ದು."

ಪುಢಾರಿ ಎಂದರೆ ಆ ಬೀದಿಯ ಗಂಡುಬೆಕ್ಕು. ಹಾಲು ಕದಿಯುವುದು, ದೊರೆಸಾನಿಯನ್ನು ಅಟ್ಟಾಡಿಸುವುದು, ರಾತ್ರಿಯಿಡೀ ಗೋಡೆಯ ಮೇಲೆ ಕೂತು ಭಾಷಣ ಮಾಡುವುದು ಅದರ ಕಸುಬು. ಅಜ್ಜ ವರ್ಷಗಟ್ಟಲೆ ಅದಕ್ಕೆ ಚಪ್ಪಲಿ ಎಸೆಯುತ್ತ ಬಂದಿದ್ದರು. ಒಂದು ಸಲವೂ ತಗುಲಿರಲಿಲ್ಲ.

ಅವರು ಹೋದ ಮೇಲೆ ಅಳಿಯ ಗಂಟು ಬಿಚ್ಚಿದ. ಬೂದು ಪಟ್ಟೆ ಸರಿಯಾಗಿಯೇ ಇತ್ತು. ಉಳಿದದ್ದರಲ್ಲಿ ತಕರಾರಿತ್ತು. ಮೊದಲನೆಯದಾಗಿ, ದೊರೆಸಾನಿ ಗಂಡಾಗಿತ್ತು.

ಅವನು ಟವೆಲನ್ನು ಮತ್ತೆ ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದ. ಒಂದು ಹಳೆಯ ಮ್ಯೂಸಿಯಂನಲ್ಲಿ, ನುಸಿ ತಿಂದ ಪ್ರಾಣಿಗಳನ್ನು ರಿಪೇರಿ ಮಾಡುತ್ತಿದ್ದ ಮುದುಕರೊಬ್ಬರಿಂದ ಅವನು ಈ ಕೆಲಸ ಕಲಿತಿದ್ದ. ಗುರುಗಳು ಚರ್ಮದ ಬಗ್ಗೆ ನೂರು ಮಾತು ಹೇಳಿದ್ದರು, ಗಿರಾಕಿಗಳ ಬಗ್ಗೆ ಒಂದೇ ಮಾತು: ಅಳುತ್ತಿರುವವರನ್ನು ತಿದ್ದಬಾರದು. ಬದುಕಿದ್ದ ಪ್ರಾಣಿಯನ್ನು ಕಂಡವರು ಅವರು, ನೀನಲ್ಲ. ಮರಿಗೆ ಹೆಸರಿಟ್ಟ ಮೇಲೆ ಬಾಲ ಎತ್ತಿ ನೋಡುವ ಮನೆಗಳು ಎಷ್ಟಿವೆ? ದೊರೆಸಾನಿ ಗಂಡೆಂದು ಈಗ ಹೇಳಿ ಯಾರಿಗೆ ಏನು ಉಪಕಾರ? ಅಳಿಯ ಸುಮ್ಮನಿರಲು ನಿರ್ಧರಿಸಿದ.

ಎರಡನೆಯದು ಕಿವಿ. ಎಡಗಿವಿ ಅರ್ಧ ಇರಲಿಲ್ಲ. ಹರಿದ ಅಂಚು ಗುಣವಾಗಿ ಕೂದಲು ಬಂದಿತ್ತು, ಆದ್ದರಿಂದ ಅದು ಗಾಡಿಯ ಕೆಲಸವಲ್ಲ. ಫೋಟೋದಲ್ಲಿ ಕಿವಿ ಪೂರ್ತಿ ಇತ್ತು. ಫೋಟೋಗಳೆಲ್ಲ ಹಳೆಯವಿರಬೇಕು ಎಂದುಕೊಂಡ. ಮನುಷ್ಯರೂ ಹಾಗೇ ಅಲ್ಲವೇ, ಸತ್ತ ಮೇಲೆ ಗೋಡೆಗೆ ಹಾಕುವುದು ಯೌವನದ್ದೇ. ಕೆನ್ನೆ ಗೂಳಿಯ ಹಾಗೆ ಉಬ್ಬಿತ್ತು, ಫೋಟೋದಲ್ಲಿ ತೆಳ್ಳಗಿತ್ತು. ಬಾಲ ತುದಿಯಲ್ಲಿ ಮುರಿದು ಡೊಂಕಾಗಿತ್ತು, ಫೋಟೋದಲ್ಲಿ ನೆಟ್ಟಗಿತ್ತು. ಹೆಣ ಒಂದು ಹೇಳುತ್ತಿತ್ತು, ಫೋಟೋ ಒಂದು ಹೇಳುತ್ತಿತ್ತು. ಎರಡನ್ನೂ ತಂದುಕೊಟ್ಟವರು ಟೀಚರೇ. ಆದರೆ ಅವರು ಬಿಚ್ಚಿ ತೋರಿಸಿದ್ದು ಫೋಟೋವನ್ನು.

ಅಳಿಯ ಜೀವ ತೇಯ್ದು ಕೆಲಸ ಮಾಡಿದ. ತಂತಿಯ ಮೇಲೆ ನಾರು ಬಿಗಿದು ಅಚ್ಚು ಕಟ್ಟಿದ. ನಾರನ್ನು ಮಾವನ ಚೀಲದಿಂದ ತೆಗೆದುಕೊಂಡ, ಮಾವ ನೋಡಿಯೂ ನೋಡದವರಂತಿದ್ದರು. ಕೆನ್ನೆಯನ್ನು ಒಳಗಿನಿಂದ ಕರಗಿಸಿದ. ಬಾಲದೊಳಗೆ ನೇರ ತಂತಿ ತೂರಿಸಿದ. ಹೊಟ್ಟೆಯ ಕೆಳಗಿನ ಚರ್ಮದಿಂದ ಒಂದು ತುಣುಕು ಕತ್ತರಿಸಿ ಕಿವಿಗೆ ಕೂರಿಸಿ, ಒಳಬದಿಯಿಂದ ಕೂದಲೆಳೆಯಂಥ ದಾರದಲ್ಲಿ ಹೊಲಿದು, ಒಣಗುವ ತನಕ ರಟ್ಟು ಕೊಟ್ಟು ಕ್ಲಿಪ್ಪು ಹಾಕಿಟ್ಟ. ಗಾಜಿನ ಕಣ್ಣಿನ ಸುತ್ತ ಜೇಡಿಮಣ್ಣು ಮೆತ್ತಿ, ಮೇಲಿನ ರೆಪ್ಪೆಯನ್ನು ಒಂದಿಷ್ಟೇ ಇಳಿಸಿದಾಗ ತಿರಸ್ಕಾರ ಬಂತು. ಮನೆಯವರ ಮೇಲಿನದೇ.

ಮಾವ ಒಂದು ಸಂಜೆ ಬಂದು, ಕನ್ನಡಕ ಹಣೆಗೇರಿಸಿ, ಕಿವಿಯನ್ನು ಹತ್ತಿರದಿಂದ ನೋಡಿದರು. ಹೊಲಿಗೆ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಿದರು. ಸಿಗಲಿಲ್ಲ.

"ಅಳಿಯಂದಿರೇ, ಸೋಫಾ ತಗೊಂಡು ಹೋಗೋಕೆ ಬಂದವರು ಯಾರೂ ಅತ್ತಿದ್ದು ನಾನು ನೋಡಿಲ್ಲ," ಎಂದು ಹೇಳಿ ಹಿಂದಕ್ಕೆ ಹೋದರು. ಅಷ್ಟು ಮಟ್ಟಿಗೆ ಅದು ಹೊಗಳಿಕೆ.

ಟೀಚರ್ ತಗೊಂಡು ಹೋಗಲು ಬಂದಾಗ ಅತ್ತರು. ಇವಳೇ, ಇವಳೇ ಎಂದು ಹಣೆಗೆ ಮುತ್ತು ಕೊಟ್ಟರು. ಅಜ್ಜ ಮಾತ್ರ ಬಹಳ ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿ, "ನನ್ನನ್ನ ಎಲ್ಲೋ ನೋಡಿರೋ ಹಾಗೆ ನೋಡ್ತಾಳೆ," ಎಂದರು. ಗಿರಾಕಿಯಿಂದ ಬಂದ ಮೊದಲ ಮೆಚ್ಚುಗೆ ಎಂದು ಅಳಿಯ ಅದನ್ನು ಮನಸ್ಸಿನಲ್ಲಿಟ್ಟುಕೊಂಡ.

ಕೆಲವು ವಾರ ಕಳೆದ ಮೇಲೆ ಟೀಚರ್ ಫೋನ್ ಮಾಡಿದರು. ದನಿ ತರಗತಿಯಲ್ಲಿ ಉತ್ತರಪತ್ರಿಕೆ ಹಿಂದಿರುಗಿಸುವಾಗಿನದು. ಒಂದು ಸಲ ಮನೆಗೆ ಬನ್ನಿ, ಲೆಕ್ಕ ತಾಳೆಯಾಗುತ್ತಿಲ್ಲ ಎಂದರು.

ಹಾಲ್‌ನಲ್ಲಿ ಟಿವಿ ಪಕ್ಕದ ಶೋಕೇಸಿನ ಮೇಲೆ ಅವನ ದೊರೆಸಾನಿ ಕೂತಿತ್ತು. ಅಜ್ಜನ ಕುರ್ಚಿಯ ಮೇಲೆ ಇನ್ನೊಂದು ದೊರೆಸಾನಿ ಕೂತು ಕಾಲು ನೆಕ್ಕಿಕೊಳ್ಳುತ್ತಿತ್ತು. ಎರಡನೆಯದರ ಮೈ ತುಂಬಿಕೊಂಡಿತ್ತು. ಕೊರಳಲ್ಲಿ ಕೆಂಪು ರಿಬ್ಬನ್ನು, ಅದಕ್ಕೊಂದು ಗೆಜ್ಜೆ. ಅದನ್ನು ಈ ಮನೆಯವರು ಯಾರೂ ಕಟ್ಟಿರಲಿಲ್ಲ.

ಟೀಚರಿಗೆ ಸಂತೋಷಕ್ಕಿಂತ ಅವಮಾನವೇ ಹೆಚ್ಚಾದಂತಿತ್ತು. ಅವರು ಸ್ಕೂಲಿಗೆ ರಜೆ ಹಾಕಿ ಅತ್ತಿದ್ದರು, ಅಕ್ಕಪಕ್ಕದವರು ಬಂದು ಸಮಾಧಾನ ಹೇಳಿ ಹೋಗಿದ್ದರು, ಅಷ್ಟು ದಿನವೂ ಇವಳು ಯಾರದೋ ಮನೆಯಲ್ಲಿ ಗೆಜ್ಜೆ ಕಟ್ಟಿಸಿಕೊಂಡು ತಿಂದುಂಡು ಕೂತಿದ್ದಳೇ? ಅಥವಾ ಇವಳು ಅವಳೇ ಅಲ್ಲವೇ? ಫೋಟೋ ಹಿಡಿದು ಹೋಲಿಸಿದರೆ ಶೋಕೇಸಿನ ಮೇಲಿನದೇ ಹೆಚ್ಚು ಹೋಲುತ್ತಿತ್ತು. ಕರೆದರೆ ಬರುತ್ತದೆಯೇ ಎಂದು ನೋಡೋಣವೆಂದರೆ ದೊರೆಸಾನಿ ಯಾವತ್ತೂ ಕರೆದರೆ ಬಂದವಳಲ್ಲ. ಆ ಪರೀಕ್ಷೆಯಲ್ಲಿ ಎರಡೂ ಪಾಸಾಗಿದ್ದವು.

"ಒಳಗೂ ಹೊರಗೂ ನೋಡಿದವರು ನೀವೊಬ್ಬರೇ," ಎಂದರು ಟೀಚರ್. "ನೀವೇ ಹೇಳಿ. ಕುರ್ಚಿ ಮೇಲಿರೋದು ನಮ್ಮದಲ್ಲ ಅಂದ್ರೆ ಈಗಲೇ ಹೊರಗೆ ಬಿಡ್ತೀನಿ. ಶೋಕೇಸಿನ ಮೇಲಿರೋದು ನಮ್ಮದಲ್ಲ ಅಂದ್ರೆ ನಿಮ್ಮ ಅಂಗಡಿಗೆ ವಾಪಸ್."

ವಾಪಸ್ ಎಂದೊಡನೆ ಅಳಿಯನಿಗೆ ಮಾವನ ಷರತ್ತು ನೆನಪಾಯಿತು. ಕುರ್ಚಿಯ ಮೇಲಿನ ಬೆಕ್ಕು ಪರರದ್ದು ಎಂದು ಒಂದು ಮಾತು ಹೇಳಿದರೆ ಅವನ ಬೋರ್ಡು ಉಳಿಯುತ್ತಿತ್ತು. ಆ ಬೆಕ್ಕಿಗೇನೂ ಬೀದಿ ಪಾಲಾಗುವ ಭಯವಿಲ್ಲ. ಗೆಜ್ಜೆ ಕಟ್ಟಿದ ಮನೆ ಇದ್ದೇ ಇದೆ. ಬಾಯಿ ತೆರೆಯುವಷ್ಟರಲ್ಲಿ ಟೀಚರ್ ಬದುಕಿದ್ದ ಬೆಕ್ಕನ್ನು ಎತ್ತಿ ಶೋಕೇಸಿನ ಎದುರು ಹಿಡಿದರು, ಪಕ್ಕಪಕ್ಕದಲ್ಲಿ ಇಟ್ಟು ನೋಡೋಣವೆಂದು.

ಬೆಕ್ಕಿನ ಮೈಗೂದಲು ಎದ್ದು ನಿಂತಿತು. ಬಾಲ ಬಾಟಲಿ ತೊಳೆಯುವ ಬ್ರಷ್ಷಿನಂತಾಯಿತು. ಬುಸ್ಸೆಂದು, ಟೀಚರ್ ತೋಳು ಪರಚಿ, ಪರದೆ ಹಿಡಿದು ಮೇಲೇರಿ, ಸರಳಿನ ಮೇಲೆ ಕೂತು ಅಲ್ಲಿಂದಲೇ ಗುರುಗುಟ್ಟಿತು.

ಅಜ್ಜ ಕೋಲಿಲ್ಲದೆ ಎದ್ದು ನಿಂತರು. "ಇವಳು ಹೀಗೆ ಓಡ್ತಿದ್ದದ್ದು ಒಬ್ಬನ್ನ ನೋಡಿ ಮಾತ್ರ," ಎಂದರು.

ಅಳಿಯನಿಗೆ ಏಕಕಾಲಕ್ಕೆ ಎರಡು ವಿಷಯ ಗೊತ್ತಾದವು. ತನ್ನ ಕೆಲಸ ಒಂದು ಬೆಕ್ಕನ್ನೇ ನಂಬಿಸುವಷ್ಟು ಚೆನ್ನಾಗಿದೆ. ಮತ್ತು ಅದು ಮುಗಿಯಿತು.

"ಶೋಕೇಸಿನ ಮೇಲಿರೋದು ಗಂಡು ಮೇಡಂ," ಎಂದ.

"ನಮ್ಮ ದೊರೆಸಾನಿ ಹೆಣ್ಣು," ಎಂದರು ಟೀಚರ್. ಅವರ ಮಟ್ಟಿಗೆ ಲೆಕ್ಕ ಅಲ್ಲಿಗೆ ಮುಗಿಯಿತು. "ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಅಳ್ತಾ ಇದ್ರಿ."

ಅಜ್ಜ ಕಿವಿಯ ಬಗ್ಗೆ ಕೇಳಿದರು. ಎಡಗಿವಿ ಅರ್ಧ ಇರಲಿಲ್ಲ, ತಾನೇ ಸೇರಿಸಿ ಹೊಲಿದೆ ಎಂದು ಅಳಿಯ ಒಪ್ಪಿಕೊಂಡ. ಕೆನ್ನೆಯನ್ನೂ ಬಾಲವನ್ನೂ ಹೇಳಿದ. ಅಜ್ಜ ಶೋಕೇಸಿನ ಹತ್ತಿರ ಹೋಗಿ, ಕಿವಿಯ ಅರ್ಧಕ್ಕೆ ಅಂಗೈ ಮರೆಮಾಡಿ ನೋಡಿದರು.

"ಪುಢಾರಿ," ಎಂದರು ಮೆಲ್ಲಗೆ.

ಅಷ್ಟು ವಾರ ಪ್ರತಿ ಬೆಳಗ್ಗೆ ಅದರ ಧೂಳನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ತಿಂಡಿ ಆಯ್ತೇನೇ ಎಂದು ಕೇಳಿದವರು ಅವರೇ. ಟೀಚರ್ ದಿನವೂ ಅದರ ಹಣೆಗೆ ಮುತ್ತು ಕೊಟ್ಟದ್ದನ್ನು ನೆನಪಿಸಿಕೊಂಡು ಮುಖ ತೊಳೆಯಲು ಹೋದರು. ಒಳಗಿನಿಂದ ನಲ್ಲಿಯ ಸದ್ದು ಬಹಳ ಹೊತ್ತು ಬರುತ್ತಿತ್ತು. ಅಳಿಯ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಮಾರನೆಯ ದಿನ ಅವನು ಬೋರ್ಡಿನ ಸ್ಕ್ರೂ ಸಡಿಲಿಸುವ ಬಗ್ಗೆ ಯೋಚಿಸುತ್ತಿದ್ದಾಗ ಅಜ್ಜ ಬಂದರು. ಕಂಕುಳಲ್ಲಿ ಶೋಕೇಸಿನ ಬೆಕ್ಕು. ಹಿಂದೆ ಟೀಚರ್, ಮುಚ್ಚಳವಿದ್ದ ಬುಟ್ಟಿ ಹಿಡಿದುಕೊಂಡು. ಮಾವ ಬೆಕ್ಕನ್ನು ನೋಡಿ ಸುತ್ತಿಗೆ ಕೆಳಗಿಟ್ಟರು. ಗೆದ್ದ ಕಳೆಯೇನೂ ಅವರ ಮುಖದಲ್ಲಿ ಇರಲಿಲ್ಲ. ಆ ಕಿವಿಯ ಹೊಲಿಗೆ ಅವರಿಗೆ ನೆನಪಿತ್ತು.

"ವಾಪಸ್ ಬಂತಾ?" ಎಂದರು.

"ವಾಪಸ್ ಅಂತ ಯಾರು ಹೇಳಿದ್ರು ಯಜಮಾನ್ರೇ? ರಿಪೇರಿಗೆ ತಂದಿದ್ದೀನಿ."

"ಏನಾಗಿದೆ ಅದಕ್ಕೆ?"

"ಕಿವಿ ಚೆನ್ನಾಗಿದೆ," ಎಂದರು ಅಜ್ಜ. "ಹರಿಯಬೇಕು."

ಹರಿದದ್ದನ್ನು ಹೊಲಿಯಿರಿ ಎಂದು ಬಂದವರನ್ನು ಬಿಟ್ಟು ಬೇರೆಯವರನ್ನು ಆ ಅಂಗಡಿ ಕಂಡಿರಲಿಲ್ಲ. ಅಜ್ಜ ಬೆಕ್ಕನ್ನು ಮೇಜಿನ ಮೇಲಿಟ್ಟು ಒಂದೊಂದಾಗಿ ಹೇಳಿದರು. ಕೆನ್ನೆ ಉಬ್ಬಬೇಕು. ಬಾಲ ಡೊಂಕಾಗಬೇಕು. ತಿರಸ್ಕಾರ ಇರಲಿ, ಆದರೆ ಹೊರಗಿನವರ ಮೇಲಿನದು ಆಗಬೇಕು.

"ಇಷ್ಟು ವರ್ಷ ಇವನ ಜೊತೆ ಜಗಳ ಆಡಿದ್ದೀನಪ್ಪಾ," ಎಂದರು ಅಳಿಯನಿಗೆ. "ಹೆಂಗಸಿನ ವೇಷದಲ್ಲಿ ಮನೆಯಲ್ಲಿ ಕೂರಿಸ್ಕೊಂಡರೆ ಅವನಿಗೂ ಮರ್ಯಾದೆ ಇಲ್ಲ, ನನಗೂ ಇಲ್ಲ. ನನ್ನ ರೂಮಿನಲ್ಲಿ ಇಟ್ಕೋತೀನಿ." ಆಮೇಲೆ ಬಗ್ಗಿ, ಜೋಡಿ ಇಲ್ಲದ ಚಪ್ಪಲಿಯನ್ನು ಬಿಚ್ಚಿ ಬೆಕ್ಕಿನ ಪಕ್ಕ ಇಟ್ಟರು. ಮುಂಗಾಲು ಅದರ ಮೇಲೆ ಬರುವ ಹಾಗೆ ನಿಲ್ಲಿಸಬೇಕಂತೆ.

ಇನ್ನು ಉಳಿದದ್ದು ಷರತ್ತಿನ ಪ್ರಶ್ನೆ. ಅಳಿಯ ಮಾವನ ಕಡೆ ನೋಡಿದ. ಮಾವ ಹಿಂದಿನ ಸಾಲು ಸೋಫಾಗಳ ಕಡೆ ನೋಡಿದರು. ಅವೆಲ್ಲ ಹೊರಗಿನಿಂದ ಬಂದವೇ, ರಿಪೇರಿಗೆ.

"ರಿಪೇರಿಗೆ ಬಂದದ್ದು ವಾಪಸ್ ಬಂದ ಹಾಗಲ್ಲ," ಎಂದು ತೀರ್ಪು ಕೊಟ್ಟರು. "ಹಾಗಂದ್ರೆ ಈ ಅಂಗಡಿ ನನ್ನ ಅಪ್ಪನ ಕಾಲದಲ್ಲೇ ಮುಚ್ಚಬೇಕಿತ್ತು."

ಈಗ ಟೀಚರ್ ಬುಟ್ಟಿಯನ್ನು ಮೇಜಿನ ಮೇಲಿಟ್ಟರು. ಬಹಳ ಯೋಚಿಸಿ ಒಂದು ನಿರ್ಧಾರಕ್ಕೆ ಬಂದಿರುವುದಾಗಿ ಹೇಳಿದರು. ಮುಂದೆ ಒಂದು ದಿನ ದೊರೆಸಾನಿ ನಿಜವಾಗಿ ಸತ್ತಾಗ ಮತ್ತೆ ಗೊಂದಲ ಬೇಡ. ಬದುಕಿರುವಾಗಲೇ ಅಳತೆ ತೆಗೆದಿಟ್ಟುಕೊಳ್ಳಬೇಕು: ಕಿವಿ, ಕೆನ್ನೆ, ಬಾಲ, ಎಲ್ಲ.

ಬದುಕಿರುವ ಗಿರಾಕಿಯ ಅಳತೆ ತೆಗೆಯುವುದನ್ನು ಗುರುಗಳು ಹೇಳಿಕೊಟ್ಟಿರಲಿಲ್ಲ. ಮುಚ್ಚಳ ತೆರೆದ ಕೂಡಲೇ ದೊರೆಸಾನಿ ಪುಢಾರಿಯನ್ನು ಕಂಡು, ಅಳಿಯನ ಎರಡೂ ಕೈ ಪರಚಿ, ಹೊಟ್ಟೆ ಬಗೆದ ಸೋಫಾದೊಳಗೆ ಹೊಕ್ಕಿತು. ಮಾವ ಸ್ಪ್ರಿಂಗುಗಳ ನಡುವೆ ಕೈ ಹಾಕಿ, ಬಟ್ಟೆ ಎಳೆದು ಬಿಗಿಹಿಡಿಯುವ ಅದೇ ಹಿಡಿತದಲ್ಲಿ ಅದನ್ನು ಹೊರಗೆ ತಂದು ಮೇಜಿನ ಮೇಲೆ ಒತ್ತಿ ಹಿಡಿದರು. ಅಳಿಯ ಅಳತೆಯ ದಾರ ಬಿಚ್ಚಿದ.

"ಮೊದಲು ಗಂಡೋ ಹೆಣ್ಣೋ ನೋಡಿಬಿಡಿ, ಅಳಿಯಂದಿರೇ," ಎಂದರು ಮಾವ. "ಅಲ್ಲೇ ತಾನೆ ಹೋದ ಸಲ ಎಡವಟ್ಟಾಗಿದ್ದು."

ಅಳಿಯ ಬಾಲ ಎತ್ತಿ ನೋಡಿದ. ಕಣ್ಣುಜ್ಜಿಕೊಂಡು ಇನ್ನೊಂದು ಸಲ ನೋಡಿದ. ಮಾವನೂ ಬಗ್ಗಿ ನೋಡಿದರು, ಆಮೇಲೆ ಚಾವಣಿ ನೋಡತೊಡಗಿದರು.

ಅಳಿಯ ದಾರ ಕೆಳಗಿಟ್ಟು ಟೀಚರ್ ಮುಖ ನೋಡಿದ. ಅವರು ಅಳುತ್ತಿರಲಿಲ್ಲ. ಆದ್ದರಿಂದ ಹೇಳಿದ.