ದೊರೆಯ ಹಾಯಿಕಂಬ

ಎಪ್ಪತ್ತೆಂಟನೇ ಇಸವಿ. ದೀಪಾವಳಿ ಕಳೆದು ರಾಗಿ ತೆನೆ ಬಲಿಯುವ ಕಾಲ, ಎಳೆ ಬಿಸಿಲಿನ ಹೊತ್ತು. ನಮ್ಮೂರ ಕೆರೆ ತುಂಬಿ ನಿಂತಿತ್ತು. ವೈಟ್‌ಫೀಲ್ಡಿನ ಹೆಕ್ಟರ್ ದೊರೆ ತಮ್ಮ ತಂಗಿ ಡೋರಾಮ್ಮನನ್ನು ಕಾರಲ್ಲಿ ಕೂರಿಸಿಕೊಂಡು ಏರಿ ಮೇಲೆ ಬಂದರು. ದೊರೆ ಎಪ್ಪತ್ತು ದಾಟಿದ ಒಂಟಿ ಜೀವ. ಅಣ್ಣನನ್ನು ತನ್ನಲ್ಲಿಗೆ ಕರೆದೊಯ್ಯಲೆಂದೇ ಆಯಮ್ಮ ಕೋಲಾರದ ಗಣಿಯಿಂದ ಬಂದಿದ್ದರು.

"ಹಾಯಿಕಂಬ ಒಬ್ನೇ ಎತ್ತಿ ಒಬ್ನೇ ಇಳಿಸಿದ್ರೆ ನನ್ನ ಇಲ್ಲೇ ಬಿಟ್ಟೋಗ್ತಾಳೆ. ಹಂಗಂತ ಮಾತಾಗಿದೆ. ಯಾರೂ ಕೈ ಹಾಕ್ಬೇಡಿ," ಅಂದರು ದೊರೆ, ನೋಡಲು ಸೇರಿದ್ದ ನಮಗೆ.

"ಕಂಬ ಇರ್ಲಿ ದೊರೆ, ನೀವು ಬಿದ್ರೆ ಎತ್ತಾಕೆ ನಾಲ್ಕಾಳು ಬೇಕು," ಅಂದ ನನ್ನ ಸೋದರಮಾವ ಮುನಿಯಣ್ಣ. ಸುತ್ತಲ ಊರಿಗೆಲ್ಲ ಏತದ ಕಂಬ, ಚಪ್ಪರದ ಕಂಬ ನೆಡುತ್ತಿದ್ದವನು ಅವನೇ. ದೊರೆ ನಕ್ಕರು.

ದೊರೆಯ ಹಾಯಿದೋಣಿ ದಡಕ್ಕೆ ಒರಗಿತ್ತು. ಬುಡಕ್ಕೆ ಕೀಲಿದ್ದ ಕಂಬ ಹಿಂದಕ್ಕೆ ಮಲಗಿತ್ತು. ದೊರೆ ಎರಡು ಗಳುಗಳನ್ನು ಕತ್ತರಿಯಂತೆ ಕಟ್ಟಿ ನಿಲ್ಲಿಸಿ, ಕಂಬದ ತುದಿಯ ಹಗ್ಗವನ್ನು ಅದರ ಮೇಲಿಂದ ದೋಣಿಯ ಮುಂದಿನ ಮೂತಿಯ ಕಡೆಗೆ ಎಳೆದರು. ಒಂದು ಮೊಳ ಎಳೆಯೋದು, ಗೂಟಕ್ಕೆ ಸುತ್ತೋದು, ಉಸಿರು ಬಿಡೋದು. ಕಂಬ ನೆಟ್ಟಗಾಯಿತು. ಹಗ್ಗವನ್ನು ಮೂತಿಗೆ ಬಿಗಿದರು. ಏರಿ ಮೇಲೆ ಡೋರಾಮ್ಮ ಚಪ್ಪಾಳೆ ತಟ್ಟಿ, ಫ್ಲಾಸ್ಕಿನ ಟೀ ಬಗ್ಗಿಸಲು ಕಾರಿನ ಕಡೆ ತಿರುಗಿದರು. ದೊರೆ ದೋಣಿಯ ಹಿಂಭಾಗದಲ್ಲಿ ಬಗ್ಗಿ ನೀರು ಮೊಗೆದು ಚೆಲ್ಲತೊಡಗಿದರು.

ಮುನಿಯಣ್ಣನ ಕಸುಬಿನಲ್ಲಿ ಕಂಬ ನಿಂತ ಮೇಲೆ ಹಗ್ಗ ಬಿಚ್ಚೋದೇ ಕೊನೆ ಕೆಲಸ. ಗುಂಡಿಗೆ ಮಣ್ಣು ತುಂಬಿ ತುಳಿದ ಕಂಬ ತಾನಾಗಿ ನಿಲ್ಲುತ್ತದೆ. ಈ ಕಂಬಕ್ಕೆ ಗುಂಡಿಯಿಲ್ಲ, ಹಗ್ಗವೇ ಎಲ್ಲ ಅನ್ನೋದು ನಮಗ್ಯಾರಿಗೂ ಹೊಳೆಯಲಿಲ್ಲ.

"ಎತ್ತೋವಾಗ ತಾನೆ ಕೈ ಹಾಕ್ಬೇಡಿ ಅಂದಿದ್ದು," ಅಂತ ಮುನಿಯಣ್ಣ ಮೊಣಕಾಲುದ್ದ ನೀರಿಗಿಳಿದು ಮೂತಿಯ ಗಂಟು ಬಿಚ್ಚಿದ.

ಕಂಬ ಒಂದು ಗಳಿಗೆ ನಿಂತೇ ಇತ್ತು. ಆಮೇಲೆ ಹಗ್ಗ ಮುನಿಯಣ್ಣನ ಅಂಗೈ ಸುಲಿದುಕೊಂಡು ಹೋಯಿತು. ದೊರೆಯ ಭುಜಕ್ಕೆ ಕಂಬ ಬಡಿದ ಸದ್ದು ನಮಗೆಲ್ಲ ಕೇಳಿಸಿತು.

ಡೋರಾಮ್ಮ ಓಡಿ ಬಂದು ಇಂಗ್ಲೀಷಿನಲ್ಲಿ ಏನೋ ಕೇಳಿದರು. ದೊರೆ ತೋಳು ಹಿಡಿದುಕೊಂಡೇ ಉತ್ತರ ಕೊಟ್ಟು, ಮುನಿಯಣ್ಣನ ಕಡೆ ನೋಡಿದರು.

"ನಾನು ಹಾಕಿದ ಗಂಟು ಬಿಚ್ಕೊಂತು ಅಂದೆ ಅವಳಿಗೆ."

"ಬಿಚ್ಚಿದ್ದು ನಾನಲ್ವಾ ಸ್ವಾಮಿ? ನಿಜ ಏಳ್ತೀನಿ ಆಯಮ್ಮಂಗೆ."

"ಬೇಡ. ನಿನ್ನ ಪೊಲೀಸ್ ಸ್ಟೇಷನ್ನಿಗೆ ಎಳೀತಾಳೆ."

"ಮತ್ತೆ ಮಾತಿನ ಪ್ರಕಾರ ನೀವು ಊರು ಬಿಟ್ಟು ಓಗ್ಬೇಕಲ್ಲ."

ದೊರೆ ದೋಣಿಯಿಂದ ಇಳಿದು ಕಾರಿನ ಕಡೆ ನಡೆದರು. ಮುನಿಯಣ್ಣ ನೀರಿನಲ್ಲೇ ಕೂತುಬಿಟ್ಟ.

ಭುಜದ ಮೂಳೆ ಮುರಿದಿತ್ತು. ಆ ವಾರದ ಶುಕ್ರವಾರ ಬೆಳಗಿನ ರೈಲಿಗೆ, ಕೈಗೆ ಪಟ್ಟಿ ಕಟ್ಟಿಕೊಂಡು, ಹೆಕ್ಟರ್ ದೊರೆ ತಂಗಿ ಜೊತೆ ಗಣಿಗೆ ಹೊರಟುಹೋದರು.